ಬಲಗಡೆಯ ಹೃದಯ ಹೊತ್ತು ಜರ್ಮನಿಗೆ

ಹೊಸಕೆರೆಹಳ್ಳಿ

ಜರ್ಮನಿಗೆ ಹೋಗುತ್ತಿದ್ದೇನೆ ಎಂದಾಗ ನಮ್ಮ ಬೀದಿಯವರು ಮೊದಲು ಕೇಳಿದ್ದು ಅಲ್ಲಿ ಅನ್ನ ಸಿಗುತ್ತದೆಯೇ ಎಂದು. ಆಮೇಲೆ, ಚಳಿ ಎಷ್ಟಿರುತ್ತದೆ ಎಂದು. ವಾಪಸ್ ಬರುತ್ತೀಯಾ ಎಂದು ಯಾರೂ ಕೇಳಲಿಲ್ಲ. ಆ ಪ್ರಶ್ನೆ ಎಲ್ಲರ ಕಣ್ಣಲ್ಲೂ ಇತ್ತು, ಬಾಯಿಗೆ ಮಾತ್ರ ಬರಲಿಲ್ಲ. ನಾನೂ ಅನ್ನದ ವಿಷಯವನ್ನೇ ಮಾತಾಡಿ ಎಲ್ಲರನ್ನೂ ಕಳಿಸಿಕೊಟ್ಟೆ.

ನನ್ನ ಹೃದಯ ಬಲಗಡೆ ಇದೆ. ಹೃದಯವೊಂದೇ ಅಲ್ಲ, ಒಳಗಿನದೆಲ್ಲ ಅದಲುಬದಲು, ಕನ್ನಡಿಯಲ್ಲಿ ಕಂಡ ಹಾಗೆ. ಜಯನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸಕ್ಕೆ ಸೇರುವಾಗ ಎಕ್ಸ್‌ರೇ ತೆಗೆದವನು ಫಿಲಮ್ಮನ್ನು ತಾನೇ ತಿರುಗುಮುರುಗು ಹಾಕಿದೆನೆಂದು ಬೈದುಕೊಂಡು ಮತ್ತೊಮ್ಮೆ ತೆಗೆದಿದ್ದ. ಆಗಲೇ ನನಗೂ ಗೊತ್ತಾದದ್ದು. ಅದರಿಂದ ತೊಂದರೆಯೇನೂ ಇರಲಿಲ್ಲ. ನಿವೃತ್ತಿಯವರೆಗೂ ಹೆಡ್‌ಫೋನ್ ಹಾಕಿಕೊಂಡು ಟ್ರಂಕ್ ಕಾಲ್ ಜೋಡಿಸಿದೆ. ಮದುವೆಯಾಗಲಿಲ್ಲ. ಅಪ್ಪ ಬಿಟ್ಟುಹೋದ ಹೊಸಕೆರೆಹಳ್ಳಿಯ ಮನೆಯಲ್ಲಿ ಒಬ್ಬಳೇ ಇದ್ದುಕೊಂಡು ಆರಾಮವಾಗಿಯೇ ಇದ್ದೆ.

ನಡುವೆ ಒಮ್ಮೆ ಎದೆಯಲ್ಲಿ ಕ್ಯಾನ್ಸರ್ ಗಂಟು ಬಂದು, ಅದಕ್ಕೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟು ವಾಸಿ ಮಾಡಿದ್ದರು. ಅದರ ಬೆಲೆ ವರ್ಷಗಳ ಮೇಲೆ ಬಂತು. ಗಿರಿನಗರದ ಏರು ಹತ್ತುವಾಗ ಉಸಿರು ಕಟ್ಟತೊಡಗಿತು. ಆಮೇಲೆ ಮನೆಯ ಹೊಸ್ತಿಲು ದಾಟಿದರೂ ಉಸಿರು ಕಟ್ಟತೊಡಗಿತು. ಜಯನಗರದ ನಮ್ಮ ಹೃದಯದ ಡಾಕ್ಟರು ತೋರಿಸಿ ಹೇಳಿದರು: ಹೃದಯದಿಂದ ರಕ್ತ ಹೊರಗೆ ಹೊರಡುವ ಬಾಗಿಲು, ಅಂದರೆ ಕವಾಟ, ಕಲ್ಲಿನಂತಾಗಿ ತೆರೆಯುತ್ತಿಲ್ಲ. ಎದೆ ಸೀಳಿ ಬದಲಾಯಿಸೋಣವೆಂದರೆ ಕರೆಂಟಿನಿಂದ ಮಹಾಧಮನಿ ಮೊಟ್ಟೆಯ ಚಿಪ್ಪಿನಂತಾಗಿದೆ, ಮುಟ್ಟಿದರೆ ಒಡೆಯುತ್ತದೆ. ಶ್ವಾಸಕೋಶಕ್ಕೂ ಪೂರ್ತಿ ಅರಿವಳಿಕೆ ತಡೆಯುವ ಶಕ್ತಿಯಿಲ್ಲ.

"ತೊಡೆಸಂದಿಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ ಹೊಸ ಕವಾಟ ಕೂರಿಸೋದು ಯುರೋಪಲ್ಲಿ ಶುರುವಾಗಿದೆ," ಎಂದರು ಡಾಕ್ಟರು. "ನಮ್ಮಲ್ಲಿ ಇನ್ನೂ ಬಂದಿಲ್ಲ. ಹೃದಯ ಬಲಗಡೆ ಇರೋರಿಗೆ ಮಾಡಿರೋದನ್ನ ನಾನಂತೂ ಕೇಳಿಲ್ಲ. ಜರ್ಮನಿಯಲ್ಲಿ ಒಬ್ರು ನೋಡ್ತೀನಿ ಅಂದಿದಾರೆ. ಸುಮ್ನಿದ್ರೆ ಒಂದು ವರ್ಷ ದಾಟೋದು ಕಷ್ಟ ಮೇಡಂ."

ಅಂಜನಾಪುರದ ಸೈಟು ಮಾರಿದೆ. ಜೊತೆಗೆ ಬರುವವರು ಯಾರು ಎಂಬ ಮಾತು ಬರುವ ಮುಂಚೆಯೇ ನನ್ನ ತಂಗಿ ಕಮಲ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡು ಬಂದಿದ್ದಳು. ಗಿರಿನಗರದಲ್ಲಿ ಬ್ಲೌಸ್ ಹೊಲಿದುಕೊಂಡಿದ್ದ ಅವಳು ತಿರುಪತಿಯಾಚೆ ಊರು ಕಂಡವಳಲ್ಲ. ಇಂಗ್ಲಿಷ್ ಬಾರದು. "ನೀನು ಮಾತಾಡು, ನಾನು ಬ್ಯಾಗ್ ಹಿಡ್ಕೋತೀನಿ," ಎಂದಳು.

ನಾವು ಬೌದ್ಧರು. ನಾವು ಚಿಕ್ಕವರಿದ್ದಾಗಲೇ ಅಪ್ಪ ಧಮ್ಮ ಸ್ವೀಕರಿಸಿದ್ದರು. ಹೊರಡುವ ದಿನ ಬುದ್ಧನ ಮುಂದೆ ಮೇಣದಬತ್ತಿ ಹಚ್ಚಿ ಇಬ್ಬರೂ ಬುದ್ಧ, ಧಮ್ಮ, ಸಂಘಕ್ಕೆ ಶರಣು ಹೋಗುವ ತ್ರಿಸರಣ ಹೇಳಿದೆವು. ಪಕ್ಕದ ಮನೆಯವರು ನನಗಾಗಿ ಬನಶಂಕರಿಗೆ ನಿಂಬೆಹಣ್ಣಿನ ದೀಪ ಹಚ್ಚುವುದಾಗಿ ಹರಸಿಕೊಂಡಿದ್ದರು. ಅಂದು ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು. ಹರಕೆಯಾದರೆ ಒಂದು ಒಪ್ಪಂದ. ನಾನಿದು ಕೊಡುತ್ತೇನೆ, ನೀನದು ಕೊಡು. ಬುದ್ಧನ ಹತ್ತಿರ ಅಂಥ ಮಾತುಕತೆಗೆ ದಾರಿಯಿಲ್ಲ. ಹುಟ್ಟಿದ್ದು ಸಾಯುತ್ತದೆ ಎಂದು ಹೇಳಿ ಕಣ್ಣು ಮುಚ್ಚಿ ಕೂತುಬಿಟ್ಟಿದ್ದಾನೆ.

ಫ್ರಾಂಕ್‌ಫರ್ಟ್

ಈ ಊರಿನ ಹೆಸರನ್ನು ಕೆಲಸದ ಕಾಲದಲ್ಲಿ ಎಷ್ಟೋ ಸಲ ಹೆಡ್‌ಫೋನಿನಲ್ಲಿ ಕೇಳಿದ್ದೆ. ಲೈನು ಸಿಕ್ಕಿತು, ಮಾತಾಡಿ ಎಂದು ಜೋಡಿಸಿ ಬಿಟ್ಟಿದ್ದೆ. ಲೈನಿನ ಆ ತುದಿಯಲ್ಲಿ ಇಷ್ಟು ಉದ್ದದ ಓಣಿಗಳಿರುತ್ತವೆ ಎಂದು ಯಾರು ಎಣಿಸಿದ್ದರು? ವಿಮಾನದ ಬಾಗಿಲಿಗೆ ಬರಬೇಕಾಗಿದ್ದ ಗಾಲಿಕುರ್ಚಿ ಬರಲಿಲ್ಲ. ಮುಂದಿನ ವಿಮಾನ ತಪ್ಪಿದರೆ ಗತಿಯೇನು ಎಂಬ ಗಾಬರಿಯಲ್ಲಿ ನಾನೇ ನಡೆದುಬಿಡೋಣವೆಂದೆ. ಕಮಲ ಬೇಡವೆಂದಳು. ನಾನು ಕೇಳಲಿಲ್ಲ.

ಅಲ್ಲಿನ ಜನ ಓಡುವವರಂತೆ ನಡೆಯುತ್ತಾರೆ, ಆದರೆ ಯಾರೂ ಯಾರನ್ನೂ ತಾಕುವುದಿಲ್ಲ. ನೆಲದ ಮೇಲೆಯೇ ಓಡುವ ಪಟ್ಟಿಯಿದೆ. ಅದರ ಮೇಲೆ ನಿಂತರೆ ಸಾಕೆಂದು ಹತ್ತಿದೆ. ಕೊನೆಯಲ್ಲಿ ಕಾಲೆತ್ತಿಡಬೇಕು ಎಂಬಲ್ಲಿಗೆ ಬಂದಾಗ ಕಣ್ಣಿಗೆ ಬಿಳಿ ಕವಿಯಿತು.

ಎಚ್ಚರಾದಾಗ ನೆಲದ ಮೇಲಿದ್ದೆ. ಕೆಂಪು ಅಂಗಿ ತೊಟ್ಟ ಇಬ್ಬರು ನನ್ನ ರವಿಕೆಯನ್ನು ಕತ್ತರಿಸಿ ಎಡ ಎದೆಗೆ ಇಸಿಜಿಯ ತಂತಿಗಳನ್ನು ಅಂಟಿಸಿದ್ದರು. ಯಂತ್ರದಿಂದ ಹೊರಬಂದ ಗೆರೆಗಳನ್ನು ನೋಡಿ ಅವರ ಮುಖ ಬದಲಾಯಿತು. ಒಬ್ಬ ಚಿಕ್ಕ ಶೀಶೆಯೊಂದನ್ನು ತೆಗೆದು ನನ್ನ ಬಾಯಿಯ ಹತ್ತಿರ ತಂದ. ನಾಲಿಗೆಯ ಕೆಳಗೆ ಸಿಂಪಡಿಸುವ ಔಷಧ. ಹೃದಯಾಘಾತವೆಂದು ಅವರು ತಿಳಿದಿದ್ದರು. ಆ ಔಷಧವನ್ನು ಯಾರು ಕೊಟ್ಟರೂ ತೆಗೆದುಕೊಳ್ಳಕೂಡದು, ನಿಮ್ಮ ಕವಾಟದ ಸ್ಥಿತಿಗೆ ಅದು ಪ್ರಾಣಕ್ಕೆ ಕುತ್ತು ಎಂದು ಜಯನಗರದ ಡಾಕ್ಟರು ಇಬ್ಬರಿಗೂ ಒತ್ತಿ ಹೇಳಿದ್ದರು. ಬೇಡ ಎನ್ನಲು ಬಾಯಿ ತೆರೆದೆ, ದನಿ ಬರಲಿಲ್ಲ. ಅವನಿಗೆ ನಾನು ಔಷಧಕ್ಕೇ ಬಾಯಿ ತೆರೆದ ಹಾಗೆ ಕಂಡಿರಬೇಕು.

ಕಮಲ ಅವನ ಕೈ ಹಿಡಿದಳು. "ರೈಟ್, ರೈಟ್," ಎಂದಳು. ಅವಳಿಗೆ ಗೊತ್ತಿದ್ದದ್ದು ಅದೊಂದೇ ಪದ. ಬಲಗಡೆ ಎಂದು ಹೇಳುತ್ತಿದ್ದಳು ಪಾಪ. ಅವನು ಎಲ್ಲ ಸರಿಹೋಗುತ್ತದೆ ಎಂಬ ಅರ್ಥದಲ್ಲಿ ತಲೆದೂಗಿ "ಆಲ್ ರೈಟ್, ಆಲ್ ರೈಟ್" ಎಂದು ಸಮಾಧಾನ ಮಾಡಿದ. ಬೇರೆ ಹೊತ್ತಿನಲ್ಲಾದರೆ ಬಸ್ಸಿನ ಕಂಡಕ್ಟರುಗಳಿಬ್ಬರು ಮಾತಾಡಿಕೊಂಡಂತಿದೆ ಎಂದು ನಗುತ್ತಿದ್ದೆ. ಕಮಲ ಮತ್ತೆ ಮಾತಾಡಲಿಲ್ಲ. ಶೀಶೆ ಹಿಡಿದ ಅವನ ಕೈಯನ್ನು ಎರಡೂ ಕೈಯಿಂದ ಎಳೆದು ನನ್ನ ಬಲ ಎದೆಯ ಮೇಲೆ ಒತ್ತಿ ಹಿಡಿದಳು.

ಅವನು ಕೈಯನ್ನು ಅಲ್ಲೇ ಇಟ್ಟುಕೊಂಡು ಬಡಿತ ನೋಡಿದ. ತನ್ನ ಜೊತೆಯವನನ್ನು ನೋಡಿದ. ಶೀಶೆ ಪೆಟ್ಟಿಗೆಯೊಳಗೆ ಹೋಯಿತು. ತಂತಿಗಳನ್ನೆಲ್ಲ ಕಿತ್ತು ಬಲಗಡೆಗೆ ಅಂಟಿಸಿದರು.

ಆ ವಿಮಾನ ತಪ್ಪಿತು. ಮರುದಿನ ಆಂಬುಲೆನ್ಸಿನಲ್ಲಿ, ಉತ್ತರಕ್ಕೆ ಆ ಆಸ್ಪತ್ರೆಯಿದ್ದ ಊರಿಗೆ ಹೋದೆವು. ಅದರ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಹೊರಳುವುದಿಲ್ಲ. ದಾರಿಯುದ್ದಕ್ಕೂ ಕಮಲ ನನ್ನ ಬಲ ಎದೆಯ ಮೇಲಿಂದ ಕೈ ತೆಗೆಯಲಿಲ್ಲ.

ಹಿಲ್ಡೆಯ ಕೋಣೆ

ಆಸ್ಪತ್ರೆಯಲ್ಲಿ ನನ್ನ ಕೋಣೆಯ ಇನ್ನೊಂದು ಹಾಸಿಗೆಯಲ್ಲಿ ಹಿಲ್ಡೆ ಇದ್ದಳು. ಟ್ರ್ಯಾಮ್ ಓಡಿಸಿ ನಿವೃತ್ತಳಾದವಳು. ಬಿಳಿ ಕೂದಲನ್ನು ಗಂಡಸಿನಂತೆ ಕತ್ತರಿಸಿಕೊಂಡಿದ್ದಳು. ಅವಳಿಗೂ ನನ್ನದೇ ಕಾಯಿಲೆ, ನನ್ನ ಥರದ್ದೇ ಕವಾಟ. ಚೂರುಪಾರು ಇಂಗ್ಲಿಷ್ ಬರುತ್ತಿತ್ತು.

ಬೆಳಿಗ್ಗೆ ಎದ್ದವಳೇ ಆ ಚಳಿಯಲ್ಲಿ ಕಿಟಕಿ ಪೂರ್ತಿ ತೆರೆಯುತ್ತಿದ್ದಳು. ಹಳೆಯ ಗಾಳಿ ಹೊರಗೆ ಹೋಗದಿದ್ದರೆ ಮನುಷ್ಯ ಗುಣವಾಗುವುದಿಲ್ಲವಂತೆ. ಕಮಲ ನನಗೆ ಕಂಬಳಿ ಹೊದಿಸಿ, "ಗುಣ ಆಗೋಕೆ ಮುಂಚೆ ನೆಗಡಿಯಾಗಿ ಹೋಗ್ತೀಯ," ಎಂದು ಗೊಣಗುತ್ತಿದ್ದಳು. ಹಿಲ್ಡೆಗೆ ಮಾತು ಅರ್ಥವಾಗದಿದ್ದರೂ ಗೊಣಗಾಟ ಅರ್ಥವಾಗಿ ನಗುತ್ತಿದ್ದಳು. ಸಂಜೆಗೆ ತಣ್ಣನೆಯ ಬ್ರೆಡ್ಡು, ತಣ್ಣನೆಯ ಚೀಸು. ರೋಗಿಗೆ ಬಿಸಿ ಗಂಜಿ ಕೊಡದ ದೇಶವೂ ಇರುತ್ತದೆ ಎಂದು ಕಮಲಳಿಗೆ ನಂಬಿಕೆಯೇ ಬರಲಿಲ್ಲ.

ನಮ್ಮಲ್ಲಿ ಆಸ್ಪತ್ರೆಯೆಂದರೆ ಜನ. ಫ್ಲಾಸ್ಕು ಹಿಡಿದ ಚಿಕ್ಕಮ್ಮ, ಬಾಗಿಲಲ್ಲಿ ನಿಂತ ಭಾವಂದಿರು, ಅವರ ಮಾತು. ಆ ಗದ್ದಲದಲ್ಲಿ ಹೆದರಿಕೆಗೆ ಕೂರಲು ಜಾಗವೇ ಇರುವುದಿಲ್ಲ. ಇಲ್ಲಿ ಓಣಿಯಲ್ಲಿ ಚಪ್ಪಲಿಯ ಸದ್ದು ಬಿಟ್ಟರೆ ಏನೂ ಇಲ್ಲ. ಗಂಟೆಗಟ್ಟಲೆ ನನ್ನ ಎದೆಯ ಬಡಿತವನ್ನೇ ಕೇಳಿಸಿಕೊಂಡು ಮಲಗಿರುತ್ತಿದ್ದೆ. ಒಂದು ಬಡಿತ ತಡವಾದರೆ ಮುಂದಿನದು ಬರುತ್ತದೋ ಇಲ್ಲವೋ ಎಂದು ಕಾಯುತ್ತಿದ್ದೆ.

ನಮಗಿದ್ದ ಒಂದೇ ಆಸರೆ ಏಲಿಯಮ್ಮ. ಹರೆಯದಲ್ಲೇ ಕೇರಳದಿಂದ ಬಂದು ಅಲ್ಲೇ ನೆಲೆಸಿದ ನರ್ಸು. ನನಗೆ ಎಕ್ಸ್‌ಚೇಂಜಿನಲ್ಲಿ ಕಲಿತ ತಮಿಳಿತ್ತು, ಆಕೆಗೂ ಅಷ್ಟಿಷ್ಟು ತಮಿಳು. ಇಬ್ಬರೂ ನಮ್ಮದಲ್ಲದ ಭಾಷೆಯಲ್ಲಿ ಕಷ್ಟಸುಖ ಹೇಳಿಕೊಳ್ಳುತ್ತಿದ್ದೆವು.

ಹಿಲ್ಡೆಯ ಸರದಿ ನನಗಿಂತ ಮುಂಚೆ ಬಂತು. ಮಂಚವನ್ನು ತಳ್ಳಿಕೊಂಡು ಹೋಗುವಾಗ ನನ್ನತ್ತ ತಿರುಗಿ, "ನನ್ನ ಹೃದಯ ಸರಿಯಾದ ಕಡೆ ಇದೆ. ನನಗೆ ಸುಲಭ. ದಾರಿ ನೋಡಿಕೊಂಡು ಬಂದು ನಿನಗೆ ಹೇಳುತ್ತೇನೆ," ಎಂದಳು.

ಖಾಲಿ ಹಾಸಿಗೆ

ಮಧ್ಯಾಹ್ನ ಒಬ್ಬಳು ಬಂದು ಹಿಲ್ಡೆಯ ಕನ್ನಡಕ, ಪುಸ್ತಕ, ಚಪ್ಪಲಿಗಳನ್ನು ಒಂದು ಚೀಲಕ್ಕೆ ತುಂಬಿಕೊಂಡು ಹೋದಳು. ಇನ್ನೊಬ್ಬಳು ಬಂದು ಹಾಸಿಗೆಯ ಬಟ್ಟೆ ಬದಲಾಯಿಸಿದಳು. ಕೇಳಿದರೆ ಇಬ್ಬರೂ ನಕ್ಕು ಏನೋ ಅಂದರು. ಐಸಿಯುನಲ್ಲಿ ಇರಬಹುದು ಎಂದು ಕಮಲ ಹೇಳಿದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಸಂಜೆ ಡಾಕ್ಟರು ಬಂದರು. ಎತ್ತರದ ಆಳು. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಮಾತಾಡುವುದು ಅವರ ಅಭ್ಯಾಸ. ನಾಳಿದ್ದು ನನ್ನ ಸರದಿ ಎಂದು ಹೇಳಲು ಬಂದಿದ್ದರು. ಒಪ್ಪಿಗೆ ಬೇಕೆಂದರು.

"ಹಿಲ್ಡೆ ಎಲ್ಲಿ?" ಎಂದೆ.

ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಅವರು ತೀರಿಕೊಂಡರು. ನಳಿಕೆ ಹೋಗುವಾಗ ರಕ್ತನಾಳ ಹರಿಯಿತು. ತಡೆಯಲು ಆಗಲಿಲ್ಲ."

ಇಂಗ್ಲಿಷಿನಲ್ಲಿ ಹೇಳಿದ್ದರೂ ಕಮಲಳಿಗೆ ಅರ್ಥವಾಯಿತು. ಬಾಯಿಗೆ ಸೆರಗು ಒತ್ತಿಕೊಂಡಳು.

ನಮ್ಮಲ್ಲಾದರೆ ಡಾಕ್ಟರು ಕಮಲಳನ್ನು ಹೊರಗೆ ಕರೆದು ಹೇಳುತ್ತಿದ್ದರು. ನನ್ನ ಹತ್ತಿರ ಬಂದು, ಎಲ್ಲ ಚೆನ್ನಾಗಿದೆ ಅಮ್ಮ, ಯೋಚನೆ ಮಾಡಬೇಡಿ ಎನ್ನುತ್ತಿದ್ದರು. ಆ ಸುಳ್ಳು ಎಷ್ಟು ಬೆಚ್ಚಗಿನದು ಎಂದು ನನಗೆ ಆ ಹೊತ್ತಿನಲ್ಲಿ ತಿಳಿಯಿತು.

"ನನ್ನಂಥವರಿಗೆ ಎಷ್ಟು ಜನಕ್ಕೆ ಮಾಡಿದ್ದೀರಿ?"

"ಒಬ್ಬರಿಗೂ ಇಲ್ಲ," ಎಂದರು. "ನಿಮ್ಮ ರಕ್ತನಾಳಗಳು ಹಿಲ್ಡೆಯದಕ್ಕಿಂತ ಅಗಲವಾಗಿವೆ. ಅದು ಒಳ್ಳೆಯದು. ಆದರೆ ನಮ್ಮ ಕೈಗಳೆಲ್ಲ ಎಡಗಡೆಯ ಹೃದಯಕ್ಕೆ ಪಳಗಿವೆ. ನಿಮ್ಮದಕ್ಕೆ ಪ್ರತಿ ತಿರುವನ್ನೂ ಉಲ್ಟಾ ತಿರುಗಿಸಬೇಕು. ಪರದೆಯ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿಕೊಂಡು ಅಭ್ಯಾಸ ಮಾಡಿದ್ದೇವೆ. ಭರವಸೆ ಕೊಡಲಾರೆ."

ನಾಳೆ ಹೇಳುತ್ತೇನೆ ಎಂದು ಕಳಿಸಿದೆ.

ಕಮಲ ಖಾಲಿ ಹಾಸಿಗೆಗೆ ಬೆನ್ನು ಮಾಡಿ ಕೂತಳು. "ಅಕ್ಕ, ವಾಪಸ್ ಹೋಗೋಣ. ಇರೋವಷ್ಟು ದಿನ ನಮ್ಮನೇಲಿರು. ಬಿಸಿಬಿಸಿ ಸಾರು ಮಾಡಿ ಹಾಕ್ತೀನಿ. ಈ ಗೊತ್ತಿಲ್ಲದ ಊರಲ್ಲಿ ಬೇಡ."

"ಹೋಗೋಣ," ಎಂದೆ. ನಿಜವಾಗಿಯೂ ಹಾಗೇ ಅಂದುಕೊಂಡೆ. ಮನಸ್ಸಿಗೆ ಎಷ್ಟು ಹಗುರಾಯಿತೆಂದರೆ, ಮುಖ ತೊಳೆದು ಬರುತ್ತೇನೆಂದು ಮಂಚದಿಂದ ಇಳಿದೆ. ಬಚ್ಚಲ ಬಾಗಿಲು ಎಷ್ಟು ದೂರ? ನಮ್ಮ ಹಾಲಿನಿಂದ ಅಡುಗೆಮನೆಗಿರುವಷ್ಟೂ ಇಲ್ಲ. ಅರ್ಧದಲ್ಲಿ ಉಸಿರು ಸಿಕ್ಕಿಕೊಂಡಿತು. ಗೋಡೆ ಹಿಡಿದು ನಿಂತೆ. ಮುಳುಗುವವಳಂತೆ ಬಾಯಿ ತೆರೆದೆ, ಗಾಳಿ ಒಳಗೆ ಹೋಗಲೊಲ್ಲದು. ಕಮಲ ಓಡಿಬಂದು ಹಿಡಿದುಕೊಂಡಳು. ಇಬ್ಬರೂ ಆ ನೆಲದ ಮೇಲೆಯೇ ಕೂತೆವು. ಗಿರಿನಗರದಲ್ಲಿ ನನಗೆ ಕಾದಿರುವುದೂ ಇದೇ, ದಿನದಿನವೂ, ಕೊನೆಯ ಸಲದವರೆಗೆ. ಅವಳ ಮನೆಯ ಬಿಸಿ ಸಾರಿನ ಮುಂದೆ, ಅವಳ ಕಣ್ಣೆದುರಿಗೆ. ಎರಡು ಹೆದರಿಕೆಗಳಲ್ಲಿ ಒಂದನ್ನು ಆರಿಸಬೇಕಿತ್ತು. ಬೇಗ ಮುಗಿಯುವುದನ್ನು ಆರಿಸಿದೆ.

ಮರುದಿನ ಡಾಕ್ಟರಿಗೆ ಆಗಲಿ ಎಂದೆ. ಧೈರ್ಯದಿಂದ ಹೇಳಿದೆನೆಂದು ಅವರು ತಿಳಿದರು.

ಟೇಬಲ್ಲಿನ ಮೇಲೆ

ನನ್ನನ್ನು ಪೂರ್ತಿ ನಿದ್ದೆ ಮಾಡಿಸುವಂತಿರಲಿಲ್ಲ. ಮಂಪರಿಗೆ ಚೂರು ಔಷಧ, ತೊಡೆಸಂದಿಗೆ ಮರಗಟ್ಟಿಸುವ ಸೂಜಿ. ಉಳಿದದ್ದೆಲ್ಲ ಕೇಳಿಸುತ್ತಿತ್ತು. ಕೋಣೆ ಬಾವಿಯೊಳಗಿನಂತೆ ತಣ್ಣಗಿತ್ತು. ಏಲಿಯಮ್ಮನನ್ನು ನನ್ನ ತಲೆಯ ಹತ್ತಿರ ನಿಲ್ಲಲು ಬಿಟ್ಟಿದ್ದರು. ಆಕೆಯ ಮುಖಗವುಸಿನ ಮೇಲಿನ ಕಣ್ಣು ಬಿಟ್ಟರೆ ನನಗೆ ಗುರುತಿನದೇನೂ ಅಲ್ಲಿರಲಿಲ್ಲ.

ನೋವಿರಲಿಲ್ಲ. ಒಳಗೆ ಏನೋ ಹರಿದಾಡುತ್ತಿದೆ ಎಂಬ ಅರಿವಿತ್ತು. ಬುದ್ಧಂ ಸರಣಂ ಗಚ್ಛಾಮಿ ಎಂದು ಶುರುಮಾಡಿದೆ. ಬಾಲ್ಯದಿಂದ ಹೇಳಿದ ಸಾಲು. ಧಮ್ಮಂ ಎಂಬಲ್ಲಿಗೆ ಮರೆತುಹೋಯಿತು. ಮತ್ತೆ ಮೊದಲಿನಿಂದ ಹೇಳಿದೆ, ಮತ್ತೆ ಅಲ್ಲೇ ಮರೆಯಿತು.

ಎಷ್ಟು ಹೊತ್ತಾಯಿತೋ. ಡಾಕ್ಟರ ದನಿ ಬದಲಾಯಿತು. ಆಪರೇಟರ್ ಆಗಿದ್ದವಳಿಗೆ ಪದ ಅರ್ಥವಾಗದಿದ್ದರೂ ದನಿ ಅರ್ಥವಾಗುತ್ತದೆ. ಸಾವಿನ ಸುದ್ದಿಯ ಕರೆಗಳನ್ನು ಹಲೋ ಎನ್ನುವುದರಲ್ಲೇ ಗುರುತಿಸುತ್ತಿದ್ದೆವು. ಒಂದೇ ಪದವನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಯಾರೋ ಉತ್ತರ ಕೊಟ್ಟರು. ಆಮೇಲೆ ಎಲ್ಲರೂ ಸುಮ್ಮನಾದರು. ಹಿಲ್ಡೆಗೂ ಹೀಗೇ ಸುಮ್ಮನಾಗಿದ್ದರೇ?

"ಏನಾಯ್ತು?" ಎಂದೆ ತಮಿಳಿನಲ್ಲಿ.

ಏಲಿಯಮ್ಮ ಬಗ್ಗಿದಳು. "ತಂತಿ ಬಾಗಿಲು ದಾಟುತ್ತಿಲ್ಲ. ಅಲ್ಲಾಡಬೇಡ."

ಮತ್ತೆ ಡಾಕ್ಟರು ಏನೋ ಹೇಳಿದರು. ಪರದೆಯ ಬೆಳಕು ಒಂದು ಕ್ಷಣ ಹೋಗಿ ಬಂತು. ಅದೇನೆಂದು ಏಲಿಯಮ್ಮ ಆಮೇಲೆ ಹೇಳಿದಳು. ತಿರುಗಿಸಿಕೊಂಡಿದ್ದ ಚಿತ್ರವೇ ಅವರ ಕೈಯನ್ನು ಗಲಿಬಿಲಿ ಮಾಡಿತ್ತಂತೆ. ಕಣ್ಣು ಒಂದು ಕಡೆ ಎಂದರೆ ಬೆರಳು ಇನ್ನೊಂದು ಕಡೆ. ಕನ್ನಡಿಯ ಚಿತ್ರ ತೆಗೆದುಬಿಡಿ, ಈಕೆಯ ಹೃದಯ ಹೇಗಿದೆಯೋ ಹಾಗೇ ತೋರಿಸಿ, ನಾನೇ ಹೊಂದಿಕೊಳ್ಳುತ್ತೇನೆ ಎಂದರಂತೆ.

ಅದಾದ ಮೇಲೆ ಏಲಿಯಮ್ಮ ನನ್ನ ಕಿವಿಯ ಹತ್ತಿರ ಬಂದು, "ಈಗ ಹೃದಯವನ್ನು ಜೋರಾಗಿ ಓಡಿಸುತ್ತಾರೆ. ಕವಾಟ ಕೂರುವಾಗ ಅದು ರಕ್ತ ತಳ್ಳಬಾರದು. ತಲೆ ತಿರುಗುತ್ತದೆ. ನನ್ನ ಕೈ ಹಿಡಿ," ಎಂದಳು.

ಎದೆಯೊಳಗೆ ಹಕ್ಕಿಯೊಂದು ಗೋಡೆಗೆ ಬಡಿದುಕೊಂಡಂತಾಯಿತು. ನೆಲ ಕುಸಿಯಿತು. ಏಲಿಯಮ್ಮನ ಕಣ್ಣುಗಳು ದೂರ ಸರಿದವು. ನಾನು ಹೋಗುತ್ತಿದ್ದೇನೆ ಎಂದು ಸ್ಪಷ್ಟವಾಗಿ ತಿಳಿಯಿತು. ಶಾಂತಿ ಬರುತ್ತದೆ ಎಂದು ಓದಿದ್ದೆ. ಬರಲಿಲ್ಲ. ಬೇಡ, ಬೇಡ ಎಂಬುದೊಂದೇ ಇತ್ತು. ಅಮ್ಮನನ್ನು ಕರೆದೆನಂತೆ. ನನಗೆ ನೆನಪಿಲ್ಲ.

ಆಮೇಲೆ ಒಂದು ಬಡಿತ. ತಡೆದು ಇನ್ನೊಂದು. ಆ ಬಳಿಕ ಅವು ಒಂದರ ಹಿಂದೊಂದು ಬರತೊಡಗಿದವು. ಮುಖಕ್ಕೆ ಬಿಸಿ ಏರಿತು. ತುದಿಬೆರಳುಗಳು ಜುಮ್ಮೆಂದವು. ಟೇಬಲ್ಲಿನ ಮೇಲೆ ಮಲಗಿದ್ದಂತೆಯೇ ಒಂದು ದೊಡ್ಡ ಉಸಿರೆಳೆದುಕೊಂಡೆ. ಅದು ತಳದವರೆಗೂ ಹೋಯಿತು. ಅಷ್ಟು ಆಳಕ್ಕೆ ಉಸಿರು ಹೋಗಿ ಎಷ್ಟು ಕಾಲವಾಗಿತ್ತೋ.

ಡಾಕ್ಟರು ಮುಖಗವುಸು ಇಳಿಸಿ ನನ್ನ ಮೇಲೆ ಬಗ್ಗಿದರು. ಅವರ ಕುತ್ತಿಗೆಯೆಲ್ಲ ಬೆವರಾಗಿತ್ತು. "ನಿಮ್ಮ ಹೃದಯಕ್ಕೆ ತುಂಬ ಹೆದರಿದ್ದೆ," ಎಂದರು.

ಓಣಿಯಲ್ಲಿ ಕಮಲ ಎದ್ದು ನಿಂತಿದ್ದಳು. ನನ್ನ ಕಣ್ಣು ತೆರೆದಿರುವುದನ್ನು ನೋಡಿದಳು. ಹತ್ತಿರ ಬರದೆ ಗೋಡೆಗೆ ಮುಖ ಮಾಡಿ ನಿಂತುಕೊಂಡಳು.

ಮತ್ತೆ ಹೊಸಕೆರೆಹಳ್ಳಿ

ಬಂದ ಮೇಲೆ ಬೀದಿಯವರೆಲ್ಲ ಬಂದು ಹೋದರು. "ಹೇಗಿತ್ತು ಜರ್ಮನಿ?" ಎಂದರೆ ಬ್ರೆಡ್ಡು, ಚಳಿ, ಓಡುವ ನೆಲದ ಕಥೆ ಹೇಳುತ್ತಿದ್ದೆ. ಆಪರೇಷನ್ ಸಲೀಸಾಗಿ ಆಯಿತು, ಏನೂ ಗೊತ್ತೇ ಆಗಲಿಲ್ಲ ಎನ್ನುತ್ತಿದ್ದೆ. ಕಮಲಳೂ ಪಕ್ಕದಲ್ಲಿ ನಿಂತು ಹೌದೆನ್ನುತ್ತಿದ್ದಳು. ನಾವಿಬ್ಬರೂ ನಮ್ಮನಮ್ಮಲ್ಲಿ ಕೂಡ ಆ ಮಾತೆತ್ತಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಜಯನಗರದ ಡಾಕ್ಟರು ಒಬ್ಬ ಹುಡುಗಿಯನ್ನು ಕಳಿಸಿದರು. ಶಿವಲೀಲಾ ಎಂದು ಹೆಸರು. ಗದಗಿನ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆಗೆ ಇದ್ದು ಯಾವುದೋ ಆಫೀಸಿನಲ್ಲಿ ರಿಸೆಪ್ಷನ್ ಕೆಲಸ ಮಾಡುತ್ತಿದ್ದಳು. ಕುರ್ಚಿಯ ತುದಿಯಲ್ಲಿ ಕೂತಳು.

"ನಮ್ಮವ್ವಗೂ ನಿಮ್ಮಂಗ ಬಲಕ್ಕ ಐತ್ರಿ ಅಮ್ಮಾರ," ಎಂದಳು. "ಅದೇ ಡಾಕ್ಟ್ರ ಕಡೆ ಕರಕೊಂಡ್ ಹೋಗು ಅಂತಾರ್ರಿ. ನಾನೊಬ್ಬಾಕಿನ ಹೋಗಾಕಿ."

ಸಲೀಸಾಗಿ ಆಗುತ್ತದೆ ಎಂದು ಶುರುಮಾಡಿದೆ. ಬ್ರೆಡ್ಡಿನ ವಿಷಯ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, "ನಿಮಗ ಹೆದರಿಕಿ ಆಗಿತ್ತೇನ್ರಿ?" ಎಂದಳು.

ಕಮಲ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದಳು. ಆ ಸದ್ದು ನಿಂತಿತು.

"ಆಗಿತ್ತಮ್ಮ," ಎಂದೆ. "ಪೂರ್ತಿ ಹೊತ್ತೂ ಆಗಿತ್ತು. ಈಗ್ಲೂ ಆಗುತ್ತೆ." ಹಿಲ್ಡೆಯ ಸಂಗತಿ ಹೇಳಿದೆ. ಮರೆತುಹೋದ ತ್ರಿಸರಣದ ಸಂಗತಿಯನ್ನೂ ಹೇಳಿದೆ.

ಕಮಲ ಲೋಟಗಳನ್ನು ತಂದು ಮೇಜಿನ ಮೇಲಿಟ್ಟಳು. ಹೋಗಲಿಲ್ಲ, ದಿವಾನದ ಮೇಲೆ ಕೂತಳು.

"ಅಲ್ಲಿಗೆ ನಾನೊಂದು ಸೀರೆ ತಗೊಂಡ್ಹೋಗಿದ್ದೆ," ಎಂದಳು, ನನ್ನನ್ನು ನೋಡದೆ. "ನಿನ್ನ ಬಿಳಿ ಸೀರೆ. ಬೀರುವಿಂದ ತೆಗ್ದು ಸೂಟ್‌ಕೇಸ್ ತಳದಲ್ಲಿ ಹಾಕಿದ್ದೆ. ಅಲ್ಲಿ ಏನಾದ್ರೂ ಆಗಿ ಆ ಜನ ನಿನ್ನ ಅವರ ಬಟ್ಟೇಲಿ ಸುತ್ತಿ ಕೊಟ್ರೆ ಅಂತ. ನೀನು ಒಳಗಿದ್ದಾಗ ಮಡಿಲಲ್ಲಿ ಇಟ್ಕೊಂಡು ಕೂತಿದ್ದೆ."

ನಮ್ಮಲ್ಲಿ ವಂದನೆಗೂ ಬಿಳಿ, ಮದುವೆಗೂ ಬಿಳಿ, ಕೊನೆಗೂ ಬಿಳಿ. ಅಷ್ಟು ದಿನ ಒಂದೇ ಕೋಣೆಯಲ್ಲಿ ನನ್ನ ಹೆಣದ ಸೀರೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಇವಳು ನನ್ನ ತಲೆ ಬಾಚಿದ್ದಳು.

"ಈಗ ಎಲ್ಲಿದೆ?" ಎಂದೆ.

"ಒಗೆದು ಇಸ್ತ್ರಿ ಮಾಡಿಟ್ಟಿದೀನಿ. ಕೊಡೋಕೆ ಮನಸ್ಸು ಬರ್ಲಿಲ್ಲ."

"ಕೊಡು. ಬುದ್ಧಪೂರ್ಣಿಮೆಗೆ ಉಟ್ಕೋತೀನಿ."

ಶಿವಲೀಲಾಳ ಕಾಫಿ ಆರಿಹೋಗಿತ್ತು. ಅವಳು ಕಮಲಳ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ನಾನೂ ಒಂದ್ ಸೀರಿ ಒಯ್ಯಬೇಕೇನ್ರಿ, ಅಕ್ಕಾರ?"

ಕಮಲ ಬೇಡವೆನ್ನುತ್ತಾಳೆ ಎಂದುಕೊಂಡೆ. ಅವಳು ಹುಡುಗಿಯ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಒಯ್ಯಮ್ಮ," ಎಂದಳು. "ನಿಮ್ಮಮ್ಮಂಗೆ ಇಷ್ಟವಾದ್ದೇ ಒಯ್ಯಿ. ವಾಪಸ್ ಬರೋವಾಗ ಉಟ್ಕೊಂಡೇ ಬರ್ಲಿ."